ದೇವಸಂಕಲ್ಪ ಮತ್ತು ಮಾನವೇಚ್ಛೆ (ಬೈಬಲ್ ವ್ಯಾಖ್ಯಾನದಲ್ಲಿ)

ಜಗತ್ತಿನ ಸಮಸ್ತ ವ್ಯಾಪಾರವೂ ಸರ್ವಾಧಿಪತಿಯಾದ ದೇವರ ಸಂಕಲ್ಪದಂತೆಯೇ ನಡೆಯುವುದಾದರೆ ಮನುಷ್ಯನು ತಾನು ಮಾಡಿದ ಪಾಪಕ್ಕೆ ತಾನೇ ಹೊಣೆಯಾಗುವುದೆಂತು, ಅವನು ತನ್ನ ಇಚ್ಛೆಯಂತೆ ನಡೆಯಬಲ್ಲ ಸ್ವತಂತ್ರನೇ ಆದರೆ ದೇವರ ಆಧಿಪತ್ಯಕ್ಕೆ ಉಳಿಯುವ ಅರ್ಥವೇನು ಎಂಬ ಅವಳಿ ಪ್ರಶ್ನೆಯು ಕ್ರೈಸ್ತ ಶಾಸ್ತ್ರವಿಚಾರದಲ್ಲಿ ಸಾವಿರದ ಆರುನೂರು ವರ್ಷಗಳಿಂದ ಚರ್ಚಿತವಾಗುತ್ತ ಬಂದಿದೆ. ಕನ್ನಡ ಪ್ರೊಟೆಸ್ಟಂಟರು ಸತ್ಯವೇದವೆಂದು ಕರೆಯುವ ಬೈಬಲಿನಲ್ಲಾದರೋ ಈ ಪ್ರಶ್ನೆ ಪೂರ್ವಪಕ್ಷ ಸಿದ್ಧಾಂತಗಳ ರೂಪದಲ್ಲಿ ಕಾಣಿಸಿಕೊಳ್ಳುವುದು ಬಹಳ ವಿರಳ. ಅಲ್ಲಿರುವುದು ಹೆಚ್ಚಾಗಿ ಕಥೆ. ಆ ಕಥೆಗಳಲ್ಲಿ ಒಂದೇ ಕೃತ್ಯಕ್ಕೆ ಇಬ್ಬರು ಕರ್ತೃಗಳು. ಆ ಇಬ್ಬರಲ್ಲಿ ಒಬ್ಬನನ್ನೇ ನಿಜವಾದ ಕರ್ತೃವೆಂದು ಆರಿಸಿಕೊಳ್ಳಬೇಕೆಂದು ವ್ಯಾಖ್ಯಾನಕಾರನು ಹಟ ಹಿಡಿದಲ್ಲಿ ವಿವಾದ ಮೊದಲಾಗುತ್ತದೆ.

ಆದಿಕಾಂಡದ ಕಡೆಯಲ್ಲಿ ಯೋಸೇಫನು, ತನ್ನನ್ನು ಮಾರಿದ ಅಣ್ಣಂದಿರ ದುರುದ್ದೇಶವನ್ನು ಅಲ್ಲಗಳೆಯದೆಯೇ, ಅದೇ ಕೃತ್ಯದಲ್ಲಿ ದೇವರಿಗೆ ಬೇರೊಂದು ಉದ್ದೇಶವಿತ್ತೆಂದು ಹೇಳುತ್ತಾನೆ. ಯೆಶಾಯನ 10ನೆಯ ಅಧ್ಯಾಯದಲ್ಲಿ ಅಶ್ಶೂರದ ಅರಸನು ದೇವರ ಕೈಯ ಕೋಲು. ಆದರೂ ತನ್ನ ಅಹಂಕಾರಕ್ಕಾಗಿ ದಂಡಾರ್ಹ. ಯೇಸುವಿನ ಶಿಲುಬೆಯ ವಿಷಯದಲ್ಲಿ ಪೇತ್ರನು (ಅಪೊಸ್ತಲರ ಕೃತ್ಯಗಳು 2) ದೇವರ ಸ್ಥಿರಸಂಕಲ್ಪವನ್ನೂ ಕೊಂದವರ ಅಪರಾಧವನ್ನೂ ಒಂದೇ ಉಸಿರಿನಲ್ಲಿ ನುಡಿಯುತ್ತಾನೆ. ಧರ್ಮೋಪದೇಶಕಾಂಡದ 30, ಯೆಹೋಶುವನ 24, ಯೆಹೆಜ್ಕೇಲನ 18ನೆಯ ಅಧ್ಯಾಯಗಳು ಆರಿಸಿಕೊಳ್ಳಿರೆಂದು ಜನರನ್ನು ಕರೆಯುತ್ತವೆ. ಎಫೆಸದವರಿಗೆ ಬರೆದ ಪತ್ರದ ಮೊದಲ ಅಧ್ಯಾಯವು ಜಗದುತ್ಪತ್ತಿಗೆ ಮುಂಚೆಯೇ ಆದ ಆಯ್ಕೆಯನ್ನು ಸ್ತುತಿಸುತ್ತದೆ.

ಈ ಎಲ್ಲ ಪ್ರಸಂಗಗಳಲ್ಲಿಯೂ ಹೆಚ್ಚು ಜಿಜ್ಞಾಸೆಗೆ ಒಳಗಾದುದು ವಿಮೋಚನಕಾಂಡದಲ್ಲಿ ಬರುವ ಐಗುಪ್ತದ ಅರಸ ಫರೋಹನ ಹೃದಯಕಾಠಿಣ್ಯ. ಹೀಬ್ರೂ ಮೂಲದಲ್ಲಿ ಇದಕ್ಕೆ ಮೂರು ಧಾತುಗಳು ಬಂದಿವೆ. ಒಂದರ ಅರ್ಥ ಗಟ್ಟಿಯಾಗುವುದು, ಇನ್ನೊಂದರದು ಭಾರವಾಗುವುದು, ಮೂರನೆಯದರದು ಬಿರುಸಾಗುವುದು. ಕೆಲವು ವಾಕ್ಯಗಳಲ್ಲಿ ಹೃದಯವು ತಾನಾಗಿ ಗಟ್ಟಿಯಾಯಿತೆಂದಿದೆ, ಕೆಲವೆಡೆ ಫರೋಹನೇ ಅದನ್ನು ಭಾರಮಾಡಿಕೊಂಡನೆಂದಿದೆ, ಮತ್ತೆ ಕೆಲವೆಡೆ ಯೆಹೋವನು ಅದನ್ನು ಕಠಿಣಪಡಿಸಿದನೆಂದಿದೆ. ಕಠಿಣಪಡಿಸುವೆನೆಂಬ ಮಾತು 4ನೆಯ ಅಧ್ಯಾಯದಲ್ಲಿಯೇ ಮುನ್ಸೂಚನೆಯಾಗಿ ಬಂದಿದ್ದರೂ, ಬಾಧೆಗಳ ವೃತ್ತಾಂತದಲ್ಲಿ ಯೆಹೋವನು ಹಾಗೆ ಮಾಡಿದನೆಂದು ಸ್ಪಷ್ಟವಾಗಿ ಬರುವುದು ಆರನೆಯ ಬಾಧೆಯಾದ ಹುಣ್ಣಿನ ರೋಗದ ತರುವಾಯ, 9ನೆಯ ಅಧ್ಯಾಯದ 12ನೆಯ ವಚನದಲ್ಲಿ. ಅಲ್ಲಿಯವರೆಗಿನ ಐದು ಬಾಧೆಗಳಲ್ಲಿ ಅರಸನು ತನ್ನ ಹೃದಯವನ್ನು ತಾನೇ ಕೆಡಿಸಿಕೊಳ್ಳುತ್ತ ಬಂದನು, ದೇವರು ಅದಕ್ಕೆ ಮುದ್ರೆಯೊತ್ತಿದನು ಎಂದು ಒಂದು ಪಕ್ಷ. ಮುನ್ಸೂಚನೆಯೇ ಮೂಲಕಾರಣ, ಉಳಿದುದೆಲ್ಲ ಅದರ ವಿಸ್ತಾರ ಎಂದು ಮತ್ತೊಂದು.

ಇಲ್ಲಿ ಕನ್ನಡದ ಅನುವಾದಕನಿಗೆ ಇಂಗ್ಲಿಷಿನವನಿಗಿಂತ ಸೂಕ್ಷ್ಮವಾದ ಉಪಕರಣಗಳಿವೆ, ಅಷ್ಟೇ ದೊಡ್ಡ ಇಕ್ಕಟ್ಟೂ ಇದೆ. ‘ಕಠಿಣವಾಯಿತು’ ಎಂದರೆ ಕರ್ತೃವಿನ ಮಾತೇ ಏಳುವುದಿಲ್ಲ; ‘ಕಠಿಣಪಡಿಸಿದನು’ ಎಂದರೆ ‘ಇಸು’ ಪ್ರತ್ಯಯವು ಹೊರಗಿನ ಕೈಯೊಂದನ್ನು ತಂದುಬಿಡುತ್ತದೆ; ‘ಕಠಿಣಪಡಿಸಿಕೊಂಡನು’ ಎಂದು ‘ಕೊಳ್ಳು’ ಸೇರಿತೆಂದರೆ ಅಪರಾಧವು ಮರಳಿ ಮಾಡಿದವನ ತಲೆಗೇ ಬರುತ್ತದೆ. ಎರಡಕ್ಷರದ ಆ ಸಹಾಯಕ್ರಿಯೆಯಲ್ಲಿ ಒಂದು ಇಡೀ ಮತಸಿದ್ಧಾಂತ ಅಡಗಿ ಕುಳಿತಿರುತ್ತದೆ. ಇದು ಬರಿಯ ವ್ಯಾಕರಣದ ಚಪಲವಲ್ಲ: 1611ರ ಪ್ರಸಿದ್ಧ ಇಂಗ್ಲಿಷ್ ಅನುವಾದವು 7ನೆಯ ಅಧ್ಯಾಯದ 13ನೆಯ ವಚನದಲ್ಲಿ, ಮೂಲದಲ್ಲಿ ಹೃದಯವು ಗಟ್ಟಿಯಾಯಿತೆಂದಷ್ಟೇ ಇದ್ದುದನ್ನು, ‘ಆತನು’ ಗಟ್ಟಿಮಾಡಿದನೆಂದು ಬರೆದು ದೇವರನ್ನು ಕರ್ತೃಸ್ಥಾನದಲ್ಲಿ ಕೂರಿಸಿತು; 1885ರ ಪರಿಷ್ಕರಣದಲ್ಲಿ ಅದನ್ನು ತಿದ್ದಬೇಕಾಯಿತು. ನಡುವಣ ಇನ್ನೂರೆಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಆ ವಚನದ ಮೇಲೆ ಎಷ್ಟು ಪ್ರಸಂಗಗಳು ನಡೆದಿರಬಹುದೆಂಬುದನ್ನು ಓದುಗರ ಊಹೆಗೇ ಬಿಡಬೇಕು.

ಕುಂಬಾರನ ದೃಷ್ಟಾಂತಕ್ಕೂ ಇದೇ ಗತಿಯಾಗಿದೆ. ರೋಮಾಪುರದವರಿಗೆ ಬರೆದ ಪತ್ರದ 9ನೆಯ ಅಧ್ಯಾಯದಲ್ಲಿ ಮಡಕೆಯು ಕುಂಬಾರನನ್ನು ಪ್ರಶ್ನಿಸಲಾಗದು. ಒಂದೇ ಮುದ್ದೆಯಿಂದ ಗೌರವದ ಪಾತ್ರೆಯನ್ನೂ ಹೀನಬಳಕೆಯ ಪಾತ್ರೆಯನ್ನೂ ಮಾಡುವ ಅಧಿಕಾರ ಅವನದು. ಯೆರೆಮೀಯನ 18ನೆಯ ಅಧ್ಯಾಯದಲ್ಲಿ ತಿಗರಿಯ ಮೇಲೆ ಕೆಟ್ಟ ಮಣ್ಣನ್ನು ಕುಂಬಾರನು ಮತ್ತೆ ಮುದ್ದೆಮಾಡಿ ಬೇರೆ ಪಾತ್ರೆಯಾಗಿಸುತ್ತಾನೆ. ಜನಾಂಗವು ತಿರುಗಿಕೊಂಡರೆ ದೇವರೂ ತಾನು ನುಡಿದ ಕೇಡನ್ನು ಬಿಡುತ್ತಾನೆ. ಸಂಕಲ್ಪವಾದಿಗಳು ಪೌಲನ ಮಡಕೆಯಿಂದ ಯೆರೆಮೀಯನನ್ನು ಓದಿದರು, ಸ್ವಾತಂತ್ರ್ಯವಾದಿಗಳು ಯೆರೆಮೀಯನ ತಿಗರಿಯಿಂದ ಪೌಲನನ್ನು ಓದಿದರು. ಯಾವ ವಾಕ್ಯವು ಯಾವುದಕ್ಕೆ ವ್ಯಾಖ್ಯಾನವಾಗಬೇಕೆಂಬುದೇ ಇಡೀ ವಿವಾದದ ಕೀಲಕ.

ಸಿದ್ಧಾಂತಗಳ ಇತಿಹಾಸವನ್ನು ಇಲ್ಲಿ ಸಂಕ್ಷೇಪಿಸಿದರೆ ಸಾಕು. ಯೆಹೂದ್ಯರಲ್ಲಿ ಎಸ್ಸೇನರು ಎಲ್ಲವನ್ನೂ ವಿಧಿಗೆ ಬಿಟ್ಟರೆಂದೂ ಸದ್ದುಕಾಯರು ವಿಧಿಯನ್ನೇ ಒಪ್ಪಲಿಲ್ಲವೆಂದೂ ಫರಿಸಾಯರು ನಡುದಾರಿ ಹಿಡಿದರೆಂದೂ ಜೋಸೀಫಸನು ಬರೆದಿದ್ದಾನೆ. ಅಗಸ್ಟೀನನು (354–430) ಪೆಲಾಗಿಯಸನ ವಿರುದ್ಧ, ಪತಿತನಾದ ಮನುಷ್ಯನ ಇಚ್ಛೆಯು ಕೃಪೆಯಿಲ್ಲದೆ ಒಳಿತಿನ ಕಡೆಗೆ ತಿರುಗಲಾರದೆಂದು ಸಾಧಿಸಿದನು. 418ರ ಕಾರ್ಥೇಜಿನ ಸಭೆ ಪೆಲಾಗಿಯಸನ ಮತವನ್ನು ಖಂಡಿಸಿತು. 1524ರಲ್ಲಿ ಎರಾಸ್ಮಸನೂ 1525ರಲ್ಲಿ ಲೂಥರನೂ ಇಚ್ಛೆಯ ಸ್ವಾತಂತ್ರ್ಯವನ್ನು ಕುರಿತು ಪರಸ್ಪರ ವಿರುದ್ಧವಾದ ಗ್ರಂಥಗಳನ್ನು ಪ್ರಕಟಿಸಿದರು. ಕ್ಯಾಲ್ವಿನನು (1509–1564) ದೇವರ ಆಯ್ಕೆಗೆ ಮನುಷ್ಯನ ಯೋಗ್ಯತೆಯಾಗಲಿ ಅದರ ಮುನ್ನರಿವಾಗಲಿ ಕಾರಣವಲ್ಲವೆಂದನು. ಹಾಲೆಂಡಿನ ಆರ್ಮಿನಿಯಸನ ಅನುಯಾಯಿಗಳು 1610ರಲ್ಲಿ ಐದು ಸೂತ್ರಗಳ ಮೂಲಕ ಇದಕ್ಕೆ ಆಕ್ಷೇಪವೆತ್ತಲು, 1618–19ರ ಡಾರ್ಟ್ ಸಭೆಯು ಅವನ್ನು ತಿರಸ್ಕರಿಸಿತು. ಆ ತಿರಸ್ಕೃತ ಪಕ್ಷವೇ ಇಂಗ್ಲೆಂಡಿನ ಜಾನ್ ವೆಸ್ಲಿಯ (1703–1791) ಮೂಲಕ ಮೆಥೊಡಿಸ್ಟರ ಮತವಾಗಿ ಲೋಕವೆಲ್ಲ ಹಬ್ಬಿತು. ಮೆಥೊಡಿಸ್ಟರು ಮನುಷ್ಯನ ಸ್ವಸಾಮರ್ಥ್ಯವನ್ನು ನಂಬಿದವರೆಂಬ ಸಾಮಾನ್ಯವಾದ ಮಾತು ಸರಿಯಲ್ಲ. ದೇವರು ಎಲ್ಲರಿಗೂ ಮುಂಚಿತವಾಗಿಯೇ ಅನುಗ್ರಹಿಸಿದ ಕೃಪೆಯಿಂದ ಆ ಸಾಮರ್ಥ್ಯವು ಮರಳಿ ದೊರಕಿದೆಯೆಂಬುದೇ ವೆಸ್ಲಿಯ ಅಭಿಪ್ರಾಯ.

ಕನ್ನಡನಾಡಿಗೆ ಈ ಎರಡು ಪ್ರವಾಹಗಳೂ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದವು. 1817ರಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚುಹಾಕಿಸಿದ ಶ್ರೀರಾಮಪುರದ ವಿಲಿಯಂ ಕೇರಿಯು ಸಂಕಲ್ಪವಾದಿಯಾದ ಬ್ಯಾಪ್ಟಿಸ್ಟನಾಗಿದ್ದರೂ, ದೇವರ ಸಂಕಲ್ಪವು ಮನುಷ್ಯನ ಪ್ರಯತ್ನವನ್ನೇ ಸಾಧನವಾಗಿ ಬಳಸಿಕೊಳ್ಳುತ್ತದೆಂದು 1792ರಲ್ಲಿಯೇ ವಾದಿಸಿದ್ದನು. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕ್ಯಾಲ್ವಿನ್ ಪರಂಪರೆಯ ಕಡೆಯವನು. ಪೂರ್ಣ ಕನ್ನಡ ಬೈಬಲಿನ ಮೊದಲ ಮುದ್ರಣ (1831) ಆತನ ಶ್ರಮದ ಫಲ. ಬೆಂಗಳೂರು ಮೈಸೂರುಗಳಲ್ಲಿ ವೆಸ್ಲಿಯನರು ನೆಲೆಸಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನಲ್ಲಿ ಲೂಥರನ ಪಂಥದವರೂ ಸ್ವಿಸ್ ಸುಧಾರಿತ ಪಂಥದವರೂ ಕೂಡಿದ್ದುದರಿಂದ ಅವರು ಈ ತಂಟೆಯನ್ನು ಕೆದಕದಿರುವುದೇ ಲೇಸೆಂದು ಬಗೆದಂತಿದೆ.

ಈ ಎರಡು ಪ್ರವಾಹಗಳು ಒಂದರ ಸೆರಗಿಗೆ ಇನ್ನೊಂದು ತಾಗುವ ನೆಲ ಯಾವುದೆಂದರೆ ಮರಾಠವಾಡದ ಅಂಚಿನ ಉಮರ್ಗಾ, ನಿಲಂಗಾ, ಉದಗೀರ ಸೀಮೆ. ಉದಗೀರವೂ ನಿಲಂಗಾವೂ 1956ರ ರಾಜ್ಯಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಉಮರ್ಗಾ ಉಸ್ಮಾನಾಬಾದಿಗೆ ಸೇರಿತ್ತು. ಪೂರ್ವದಲ್ಲಿ ಬೀದರನ್ನು ಕೇಂದ್ರವಾಗಿಸಿಕೊಂಡವರು ಅಮೆರಿಕದ ಮೆಥೊಡಿಸ್ಟರು, ಅಂದರೆ ವೆಸ್ಲಿಯ ಪಕ್ಷದವರು. ಪಶ್ಚಿಮದಲ್ಲಿ ಸೊಲ್ಲಾಪುರದಲ್ಲಿದ್ದುದು ಕ್ಯಾಲ್ವಿನ್ ಪರಂಪರೆಯ ಅಮೆರಿಕನ್ ಮರಾಠಿ ಮಿಷನ್. ಉತ್ತರದಲ್ಲಿ ಜಾಲ್ನಾದ ಬಳಿ ಸ್ಕಾಟ್ಲೆಂಡಿನ ಪ್ರೆಸ್ಬಿಟೀರಿಯನ್ ಸಭೆಯ ನಾರಾಯಣ ಶೇಷಾದ್ರಿಯವರು ಬೇಥೆಲ್ ಎಂಬ ಕ್ರೈಸ್ತಗ್ರಾಮವನ್ನು ನೆಲೆಗೊಳಿಸಿದ್ದರು.

ಬೋಧಕರ ಪಂಥ ಯಾವುದೇ ಆಗಿರಲಿ, ಕೇಳುವವರ ಕಿವಿಯಲ್ಲಿ ಆಗಲೇ ಬೇರೆ ಮಾತುಗಳು ತುಂಬಿದ್ದವು. ಈ ಸೀಮೆಯಲ್ಲಿ ಬೆಳೆ ಕೈಗೆ ಹತ್ತದಿದ್ದರೆ ಒಬ್ಬನೇ ಮನುಷ್ಯನು ಹೊಲದಲ್ಲಿ ಹಣೆಬರಹವೆಂದಾನು, ಸಂತೆಯಲ್ಲಿ ನಸೀಬವೆಂದಾನು, ಗುಡಿಯ ಕಟ್ಟೆಯ ಮೇಲೆ ಕೂತು ಪೂರ್ವಜನ್ಮದ ಕರ್ಮವೆಂದಾನು. ಇವು ಮೂರೂ ಬೇರೆ ಬೇರೆ. ಬೈಬಲಿನ ಸಂಕಲ್ಪವು ಮೂರರಲ್ಲಿ ಯಾವುದೂ ಅಲ್ಲ. ಹಣೆಬರಹಕ್ಕೆ ಮುಖವಿಲ್ಲ. ಕರ್ಮವಾದರೋ ಮನುಷ್ಯನು ತಾನು ಮಾಡಿದ್ದನ್ನೇ ಉಣ್ಣುವ ನಿಯಮ. ಪೌಲನು ಹೇಳುವ ಆಯ್ಕೆಯು ಅದಕ್ಕೆ ನೇರ ವಿರುದ್ಧ, ಏಕೆಂದರೆ ಯಾಕೋಬನು ಹುಟ್ಟುವ ಮೊದಲೇ, ಒಳಿತು ಕೆಡುಕು ಒಂದನ್ನೂ ಮಾಡುವ ಮೊದಲೇ ಅವನ ಆಯ್ಕೆಯಾಯಿತು. ಇನ್ನು ಪೌಲನು ಬಳಸುವ ಗ್ರೀಕ್ ಕ್ರಿಯಾಪದದ ಬೇರು ನೋಡಿದರೆ ಅದರ ಅರ್ಥ ಮುಂಚಿತವಾಗಿ ಎಲ್ಲೆಕಲ್ಲು ನೆಡುವುದು ಎಂದಾಗುತ್ತದೆ. 1956ರಲ್ಲಿ ತಾವು ಮಲಗಿದ್ದಲ್ಲಿಯೇ ರಾಜ್ಯ ಬದಲಾದ ಗಡಿಯ ಕನ್ನಡಿಗರಿಗೆ ಈ ರೂಪಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಮೀಪದ ಸಾದೃಶ್ಯಗಳು ಕನ್ನಡನಾಡಿನ ವೈಷ್ಣವ ದರ್ಶನಗಳಲ್ಲಿವೆ. ತಾಯಿಯನ್ನು ತಾನೇ ಅವಚಿ ಹಿಡಿವ ಮಂಗನ ಮರಿಯಂತೆ ಭಕ್ತನೆಂಬ ವಡಗಲೆಯವರ ಮತವು ಆರ್ಮಿನಿಯಸನ ಕಡೆಗೂ, ತಾಯಿ ಕಚ್ಚಿಕೊಂಡು ಹೋಗುವ ಬೆಕ್ಕಿನ ಮರಿಯಂತೆಂಬ ತೆಂಗಲೆಯವರ ಮತವು ಕ್ಯಾಲ್ವಿನನ ಕಡೆಗೂ ವಾಲುತ್ತದೆ. ಮಧ್ವಾಚಾರ್ಯರ ಮುಕ್ತಿಯೋಗ್ಯ, ನಿತ್ಯಸಂಸಾರಿ, ತಮೋಯೋಗ್ಯ ಎಂಬ ಜೀವತ್ರೈವಿಧ್ಯವನ್ನು ಕಂಡು ಕೆಲವು ಪಾಶ್ಚಾತ್ಯ ವಿದ್ವಾಂಸರು ಕ್ರೈಸ್ತಪ್ರಭಾವವನ್ನು ಊಹಿಸಿದ್ದುಂಟು. ಆದರೆ ಮಧ್ವಮತದಲ್ಲಿ ಜೀವನ ಸ್ವಭಾವವು ಅನಾದಿ, ಕ್ಯಾಲ್ವಿನನಲ್ಲಿ ಜೀವನು ದೇವರ ಸೃಷ್ಟಿ. ಅನಾದಿಯಾದ ಸ್ವಭಾವಕ್ಕೆ ಹರಿಯನ್ನು ದೂರುವಂತಿಲ್ಲ. ಸೃಷ್ಟಿಕರ್ತನೆಂದ ಮೇಲೆ ದೂರು ಸಹಜ. ಕ್ಯಾಲ್ವಿನನು ಆಯ್ಕೆಯನ್ನು ಕುರಿತು ಬರೆದುದರಲ್ಲಿ ಆ ದೂರಿಗೆ ಕೊಟ್ಟ ಉತ್ತರವೂ ಸೇರಿದೆ.

ಬೀದರ ಸೀಮೆಯಲ್ಲಿ ಸಭೆಗೆ ಸೇರಿದವರು ಬಹುಪಾಲು ಅಸ್ಪೃಶ್ಯರೆಂದು ಊರ ಹೊರಗಿಡಲ್ಪಟ್ಟ ಸಮುದಾಯಗಳವರು. ಸೇರಿದ್ದು ಒಬ್ಬೊಬ್ಬರಾಗಿ ಅಲ್ಲ, ಕೇರಿಕೇರಿಯಾಗಿ. ತಮ್ಮ ಕೀಳುಸ್ಥಿತಿಗೆ ತಮ್ಮ ಹಿಂದಣ ಜನ್ಮವೇ ಕಾರಣವೆಂದು ತಲೆಮಾರುಗಳಿಂದ ಕೇಳಿ ಬಂದವರಿಗೆ ಹುಟ್ಟುಗುರುಡನ ಕಥೆ (ಯೋಹಾನ 9), ಅಂದರೆ ಇವನಾಗಲಿ ಇವನ ಹೆತ್ತವರಾಗಲಿ ಪಾಪ ಮಾಡಿದ್ದು ಕಾರಣವಲ್ಲವೆಂಬ ಯೇಸುವಿನ ನಿರಾಕರಣೆ, ಎಂಥ ಬಿಡುಗಡೆಯಾಗಿ ಕೇಳಿಸಿರಬಹುದೆಂಬುದನ್ನು ಯುರೋಪಿನ ವಿವಾದಗ್ರಂಥಗಳು ಎಣಿಸಿರಲಿಲ್ಲ. ಕೇರಿಯ ಹಿರಿಯರು ಕೂತು ತೀರ್ಮಾನಿಸಿ ಇಡೀ ಕೇರಿ ದೀಕ್ಷಾಸ್ನಾನಕ್ಕೆ ನಿಂತಾಗ ಸ್ವತಂತ್ರವಾದ ಇಚ್ಛೆ ಯಾರದು? ಮೆಥೊಡಿಸ್ಟನಾದ ವಾಸ್ಕಮ್ ಪಿಕೆಟ್ 1933ರಲ್ಲಿ ಭಾರತದ ಸಾಮೂಹಿಕ ಮತಾಂತರಗಳನ್ನು ಕುರಿತು ಪ್ರಕಟಿಸಿದ ಗ್ರಂಥವು ಈ ಸಾಮುದಾಯಿಕ ನಿರ್ಧಾರವನ್ನು ಸಮರ್ಥಿಸಿತು. ಬೈಬಲಿನಲ್ಲಿ ಆಧಾರವೂ ಇಲ್ಲದಿಲ್ಲ: ಯೆಹೋಶುವನು ಆರಿಸಿಕೊಂಡದ್ದು ತನ್ನ ಮನೆಯವರನ್ನೂ ಕೂಡಿಸಿ, ಫಿಲಿಪ್ಪಿಯ ಸೆರೆಮನೆಯ ಅಧಿಕಾರಿಗೆ ಆ ರಾತ್ರಿ ಸ್ನಾನವಾದದ್ದು ಮನೆಮಂದಿಯೊಂದಿಗೆ. ಒಂಟಿ ಮನುಷ್ಯನ ಇಚ್ಛೆಯನ್ನೇ ಅಳತೆಗೋಲಾಗಿಸಿಕೊಂಡ ಪಾಶ್ಚಾತ್ಯ ಪಕ್ಷಗಳೆರಡೂ ಇಲ್ಲಿ ಸಮನಾಗಿ ಎಡವುತ್ತವೆ.

ಸಭೈಕ್ಯಗಳ ವಿಷಯಕ್ಕೆ ಬಂದರೆ, 1947ರಲ್ಲಿ ದಕ್ಷಿಣ ಭಾರತ ಸಭೆಯು ವೆಸ್ಲಿಯನರನ್ನೂ ಕ್ಯಾಲ್ವಿನ್ ಪರಂಪರೆಯವರನ್ನೂ ಒಂದೇ ಸೂರಿನಡಿಗೆ ತಂದಿತು. ಅಮೆರಿಕನ್ ಮರಾಠಿ ಮಿಷನ್ನಿನ ಸಭೆಗಳು 1970ರ ಉತ್ತರ ಭಾರತ ಸಭೆಯೊಳಗಾದವು. ಎರಡಕ್ಕೂ ಸೇರದ ಅಮೆರಿಕದ ಮೆಥೊಡಿಸ್ಟರು 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆಯಾದರು. ಈ ಯಾವ ವ್ಯವಸ್ಥೆಯೂ ಪ್ರಸ್ತುತ ಪ್ರಶ್ನೆಯನ್ನು ಬಗೆಹರಿಸಲಿಲ್ಲ.

1993ರ ಸೆಪ್ಟೆಂಬರ್ 30ರಂದು, ಗಣೇಶ ವಿಸರ್ಜನೆಯ ಮಾರನೆಯ ನಸುಕಿನಲ್ಲಿ, ಸುಮಾರು ನಾಲ್ಕು ಗಂಟೆಗೆ ಕಿಲ್ಲಾರಿಯ ಭೂಕಂಪವು ಔಸಾ ಉಮರ್ಗಾ ತಾಲೂಕುಗಳ ಹಳ್ಳಿಗಳನ್ನು ನೆಲಸಮಮಾಡಿ ಎಂಟು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಜನರನ್ನು ಕೊಂದದ್ದು ಬಹುಮಟ್ಟಿಗೆ ಅವರ ಮನೆಗಳೇ: ಕೆಸರಿನಲ್ಲಿ ಕೂರಿಸಿದ ಕಲ್ಲಿನ ದಪ್ಪ ಗೋಡೆ, ಅದರ ಮೇಲೆ ಮರದ ತೊಲೆ, ತೊಲೆಯ ಮೇಲೆ ಬಿಸಿಲಿಗೂ ಸೋರಿಕೆಗೂ ಅಂಜಿ ವರ್ಷವರ್ಷವೂ ಹೇರುತ್ತ ಬಂದ ಮಣ್ಣಿನ ಮಾಳಿಗೆ. ಇಂಥ ಸಂದರ್ಭದಲ್ಲಿ ದೇವರ ಕೈ ಕಾಣುವುದು ಸಂಕಲ್ಪವಾದಿಗಳಿಗೆ ಮಾತ್ರ ಎಂದು ತಿಳಿಯಬಾರದು. 1755ರ ಲಿಸ್ಬನ್ ಭೂಕಂಪವನ್ನು ಕುರಿತು ಕಿರುಗ್ರಂಥ ಬರೆದು ಪಶ್ಚಾತ್ತಾಪಕ್ಕೆ ಕರೆದವನು ಸ್ವಾತಂತ್ರ್ಯಪಕ್ಷದ ವೆಸ್ಲಿಯೇ. 1934ರ ಬಿಹಾರದ ಭೂಕಂಪವನ್ನು ಅಸ್ಪೃಶ್ಯತೆಯ ಪಾಪಕ್ಕೆ ದಂಡನೆಯೆಂದು ಗಾಂಧೀಜಿಯವರು ನುಡಿದಾಗ ರವೀಂದ್ರನಾಥ ಠಾಕೂರರು ಬಹಿರಂಗವಾಗಿ ಪ್ರತಿಭಟಿಸಿದುದೂ ಸ್ಮರಣೀಯ. ಬೈಬಲಿನಲ್ಲಿ ಇದಕ್ಕೆ ಹತ್ತಿರವಾದ ಸ್ಥಳವೆಂದರೆ ಲೂಕನ 13ನೆಯ ಅಧ್ಯಾಯದ ಮೊದಲ ಐದು ವಚನಗಳು. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳಾಗಿರಲಿಲ್ಲವೆಂದು ಯೇಸು ಅಲ್ಲಿ ಹೇಳುತ್ತಾನೆ. ಗೋಪುರವನ್ನು ಕೆಡವಿದವರು ಯಾರೆಂದು ಹೇಳುವುದಿಲ್ಲ. ಕೇಳುತ್ತಿದ್ದವರಿಗೆ ನೀವು ತಿರುಗಿಕೊಳ್ಳಿರೆನ್ನುತ್ತಾನೆ. ಎಲ್ಲರೂ ಸಮನಾಗಿ ದಂಡಾರ್ಹರೆಂಬುದಕ್ಕೆ ಒಂದು ಪಕ್ಷವೂ, ತಿರುಗಿಕೊಳ್ಳಬಲ್ಲವರಿಗೆ ಮಾತ್ರ ಹಾಗೆ ಹೇಳಲು ಸಾಧ್ಯವೆಂಬುದಕ್ಕೆ ಇನ್ನೊಂದು ಪಕ್ಷವೂ ಆ ಐದು ವಚನಗಳನ್ನೇ ಇಂದಿಗೂ ಉದಾಹರಿಸುತ್ತವೆ.