ಸಂಕೇಶ್ವರ ಸೀಮೆಯ ಅಲಗು ಮತ್ತು ಹಿಡಿ
ಹಿರಣ್ಯಕೇಶಿ ನದಿಯ ದಂಡೆಯ ಸಂಕೇಶ್ವರ ಸೀಮೆಯಲ್ಲಿ ಕುಡಗೋಲು, ಈಳಿಗೆ, ಕಬ್ಬು ಕಡಿಯುವ ಕೊಯ್ತಾಗಳನ್ನು ರೂಪಿಸಿದ ಕಂಬಾರರು ಆಯಗಾರರಾಗಿದ್ದರು, ಅಂದರೆ ವರ್ಷವಿಡೀ ಹತಾರು ಬಡಿದು ಹರಿತಗೊಳಿಸಿ ಕೊಟ್ಟುದಕ್ಕೆ ಸುಗ್ಗಿಯಲ್ಲಿ ರೈತರಿಂದ ಕಾಳಿನ ಪಾಲು ಪಡೆಯುತ್ತಿದ್ದರು. ಮೆತ್ತನೆಯ ಕಬ್ಬಿಣ ಬಾಗುತ್ತದೆ, ಕೆಂಪಗೆ ಕಾಯಿಸಿ ನೀರಿಗದ್ದಿದ ಉಕ್ಕು ಗಡಸಾದರೂ ಸಿಡಿಯುತ್ತದೆ. ಆದ್ದರಿಂದ ಅಲಗನ್ನು ಮತ್ತೆ ಮಂದವಾಗಿ ಕಾಯಿಸಿ ಹದಗೊಳಿಸುವಾಗ ಕಂಬಾರನಿಗೆ ಅಳತೆಗೋಲಾದದ್ದು ಲೋಹದ ಮೇಲೆ ಮೂಡುವ ಬಣ್ಣವೊಂದೇ, ಈ ಕಣ್ಣರಿವೇ ಕಸುಬಿನ ನಿಜವಾದ ವಿದ್ಯೆ. ಹಿಡಿಗೆ ಗಟ್ಟಿಯಾದ ಜಾಲಿಯ ಕಟ್ಟಿಗೆ ಒದಗಿತು. ಇನ್ನು ಅಲಗಿನ ಉಕ್ಕಿನ ಮಾತಿಗೆ ಬಂದರೆ, 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದ ಭಾರತೀಯ ‘ವೂಟ್ಸ್’ ಲೋಹದ ಹೆಸರು ಕನ್ನಡದ ‘ಉಕ್ಕು’ ಎಂಬ ಪದದಿಂದಲೇ ಬಂದಿತೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಸಂಕೇಶ್ವರವೂ ಸೇರಿದ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಜನಿಸಿದ ಕವಿ ಚಂದ್ರಶೇಖರ ಕಂಬಾರರ ಮನೆತನದ ಹೆಸರು ಈ ಕಸುಬಿನದೇ.