ಹಿಡಿ ಕಾಳಿನ ಚರಿತ್ರೆ

ದಾನ ಅಂದ ಕೂಡಲೇ ನಮ್ಮ ಪಠ್ಯಪುಸ್ತಕಗಳಿಗೆ ಕರ್ಣ ನೆನಪಾಗುತ್ತಾನೆ, ಬಲಿ ನೆನಪಾಗುತ್ತಾನೆ. ಆಮೇಲೆ ಸಾಲುಗಟ್ಟಿ ರಾಜರು, ರಾಣಿಯರು, ದಂಡನಾಯಕರು ಬರುತ್ತಾರೆ. ಕೊಡಬೇಕಾದರೆ ಮೊದಲು ತಲೆ ಮೇಲೆ ಕಿರೀಟ ಇರಬೇಕು ಅನ್ನುವ ಹಾಗೆ. ಶಾಸನಗಳನ್ನು ನೋಡಿ. 1886ರಿಂದ ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಸಾವಿರಾರು ಕಲ್ಲುಗಳಲ್ಲಿ ದಾನದ ಕಲ್ಲುಗಳದೇ ದೊಡ್ಡ ಪಾಲು. ಇಂಥ ರಾಜ, ಇಂಥ ಗ್ರಹಣದ ದಿನ, ಇಂಥ ಬ್ರಾಹ್ಮಣರಿಗೆ, ಇಂಥ ದೇವರಿಗೆ, ಕಾಲು ತೊಳೆದು ಧಾರೆ ಎರೆದು ಇಷ್ಟು ಮತ್ತರು ಭೂಮಿ ಕೊಟ್ಟ. ಸೂರ್ಯ ಚಂದ್ರರಿರುವ ತನಕ ಅನುಭವಿಸಲಿ. ಇದಕ್ಕೆ ಅಳುಪಿದವನು ಕಾಶಿಯಲ್ಲಿ ಹಸು ಕೊಂದ ಪಾಪಕ್ಕೆ ಹೋಗಲಿ, ಅರವತ್ತು ಸಾವಿರ ವರ್ಷ ಮಲದ ಹುಳವಾಗಿ ಹುಟ್ಟಲಿ.

ಶಾಪ ಏನೋ ಜೋರಾಗೇ ಇದೆ. ಆದರೆ ಒಂದು ಪ್ರಶ್ನೆ ಕೇಳಬೇಕು. ಕೊಟ್ಟವನು ಏನು ಕೊಟ್ಟ? ಅವನು ಆ ನೆಲದಲ್ಲಿ ನೇಗಿಲು ಹಿಡಿದವನಲ್ಲ, ಕಳೆ ಕಿತ್ತವನಲ್ಲ. ಅವನು ಕೊಟ್ಟದ್ದು ಆ ನೆಲದಿಂದ ತೆರಿಗೆ ಎತ್ತುವ ಹಕ್ಕನ್ನ. ಅಂದರೆ ಉಳುವವನ ಬೆವರಿನ ಪಾಲನ್ನ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ. ದಾನಿ ಬದಲಾದ, ಪ್ರತಿಗ್ರಾಹಿ ಬದಲಾದ, ಗದ್ದೆಯಲ್ಲಿ ಬಗ್ಗಿದ ಬೆನ್ನು ಬದಲಾಗಲಿಲ್ಲ. ಕಲ್ಲಿನಲ್ಲಿ ಆ ಬೆನ್ನಿನ ಹೆಸರಿಲ್ಲ.

ಸಣ್ಣವರ ಹೆಸರೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ತೆಲ್ಲಿಗರ ಐವತ್ತೊಕ್ಕಲು ಗಾಣಕ್ಕೆ ಇಷ್ಟು ಎಣ್ಣೆ ಅಂತ ದೇವರ ನಂದಾದೀಪಕ್ಕೆ ಬಿಟ್ಟದ್ದು, ಎಲೆ ಮಾರುವವರು ಹೇರಿಗೆ ಇಷ್ಟು ಎಲೆ ಅಂತ ಬಿಟ್ಟದ್ದು ಹನ್ನೊಂದು, ಹನ್ನೆರಡನೇ ಶತಮಾನದ ಶಾಸನಗಳಲ್ಲಿ ಸಿಗುತ್ತದೆ. ಕೈಕಸುಬಿನವರು ಒಬ್ಬೊಬ್ಬರೇ ಕೊಡಲಾರದ್ದನ್ನ ಕೂಡಿ ಕೊಟ್ಟ ಲೆಕ್ಕ ಅದು, ದೊಡ್ಡ ಲೆಕ್ಕವೇ. ಆದರೆ ಆ ದೀಪದ ಬೆಳಕು ಗರ್ಭಗುಡಿ ದಾಟಿ ಹೊಲಗೇರಿ ತನಕ ಬರಲಿಲ್ಲ.

ಇದರ ಇನ್ನೊಂದು ಮಗ್ಗುಲು ಕಣದಲ್ಲಿದೆ. ಸುಗ್ಗಿ ಮುಗಿದು ರಾಶಿ ಆದಮೇಲೆ ಊರಿನ ಕಸುಬುದಾರರು ಬಂದು ನಿಲ್ಲುತ್ತಿದ್ದರು. ವರ್ಷವೆಲ್ಲ ಮಿಣಿ, ಬಾರುಕೋಲು, ಮೆಟ್ಟು ಮಾಡಿಕೊಟ್ಟ ಮಾದಿಗ, ಊರು ಕಾದ ತಳವಾರ, ಸುದ್ದಿ ಹೊತ್ತ ತೋಟಿ, ಕೆರೆ ತೂಬು ಎತ್ತಿ ಇಳಿಸಿದ ನೀರುಗಂಟಿ. ಅವರಿಗೆ ಮೊರದಲ್ಲಿ ಅಳೆದು ಹಾಕುತ್ತಿದ್ದುದಕ್ಕೆ ಆಯ ಅಂತ ಹೆಸರು. ಅದು ಕೂಲಿ. ವರ್ಷದ ದುಡಿಮೆಗೆ ತಡವಾಗಿ, ಅದೂ ಕಡಿಮೆಯಾಗಿ ಸಿಕ್ಕ ಕೂಲಿ. ಹಾಕಿದವನ ಬಾಯಲ್ಲಿ ಮಾತ್ರ ಅದು ಧರ್ಮ. ‘ಧರ್ಮ ಮಾಡ್ತಾ ಇದೀನಿ, ಮಡಿಲು ಒಡ್ಡು’ ಅಂತ. ನಮ್ಮ ಹಿರೀಕರು ಕೂಲಿಯನ್ನ ಭಿಕ್ಷೆಯ ಭಂಗಿಯಲ್ಲಿ ತಗೊಳ್ಳಬೇಕಾಯಿತು. ದಾನ ಅನ್ನುವ ಮಾತು ಈ ದೇಶದಲ್ಲಿ ಮಾಡಿರುವ ದೊಡ್ಡ ಮೋಸ ಇದೇ: ಕಿತ್ತುಕೊಂಡವನು ಕೊಟ್ಟವನಾದ, ಕೊಟ್ಟವನು ಬೇಡುವವನಾದ.

ಹಾಗಾದರೆ ಇಲ್ಲದವರು ಕೊಟ್ಟ ಚರಿತ್ರೆ ಎಲ್ಲಿದೆ? ಕಲ್ಯಾಣದ ಅಂಗಳದಲ್ಲಿ ಒಂದು ಎಳೆ ಸಿಗುತ್ತದೆ.

ಹನ್ನೆರಡನೇ ಶತಮಾನ. ಈಗಿನ ರಾಯಚೂರು ಜಿಲ್ಲೆ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಗಂಡ ಹೆಂಡತಿ, ಮಾರಯ್ಯ ಮತ್ತು ಲಕ್ಕಮ್ಮ. ಕಾಯಕ ಅಂದರೆ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನ ಆಯ್ದು ತರುವುದು. ಅದರಲ್ಲೇ ತಮ್ಮ ಊಟ, ಅದರಲ್ಲೇ ದಾಸೋಹ. ಒಂದು ದಿನ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ನೋಡಿದಳು. ಇದು ಇವತ್ತಿನ ಪಾಲಲ್ಲ, ಹೆಚ್ಚಿನದು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ವಾಪಸ್ಸು ಕಳಿಸಿದಳು. ಶರಣರ ಕಥೆಗಳು ಹೀಗೆ ಹೇಳುತ್ತವೆ. ಆಯ್ದಕ್ಕಿ ಲಕ್ಕಮ್ಮ ಅನ್ನುವ ಹೆಸರಲ್ಲೇ ಅವಳ ವಚನಗಳೂ ಉಳಿದಿವೆ.

ಈ ಕಥೆಯನ್ನ ಶಾಲೆಗಳಲ್ಲಿ ಹೇಗೆ ಹೇಳುತ್ತಾರೆ? ‘ಮಕ್ಕಳೇ, ಇದ್ದುದರಲ್ಲಿ ತೃಪ್ತಿ ಪಡಬೇಕು.’ ಬೆಳಿಗ್ಗೆ ತಂಗಳನ್ನೂ ಕಾಣದೆ ಬಂದು ಕೂತ ಹುಡುಗನಿಗೆ ಈ ಪಾಠ! ಮೇಷ್ಟ್ರುಗಳು ಕೋಪ ಮಾಡಿಕೊಳ್ಳಬಾರದು, ಇದು ಲಕ್ಕಮ್ಮನನ್ನ ತಿರುಚಿದ ಹಾಗೆ. ಲಕ್ಕಮ್ಮ ಬಡವರಿಗೆ ಸುಮ್ಮನಿರಿ ಅನ್ನಲಿಲ್ಲ. ಕೂಡಿಡುವುದಕ್ಕೆ ಇರುವ ಆಸೆಯನ್ನ ತನ್ನ ಗಂಡನ ಉಡಿಯಲ್ಲೇ ಹಿಡಿದು ನಿಲ್ಲಿಸಿದಳು. ಆ ಮಾತು ಕಣಜ ತುಂಬಿದ ಮನೆಗೆ ಮೊದಲು ಹೋಗಬೇಕು. ಇನ್ನೂ ಒಂದು ಸಂಗತಿ ಇದೆ. ಆಯ್ದು ಉಣ್ಣುವ ಈ ಗಂಡ ಹೆಂಡತಿ ದಾಸೋಹ ಮಾಡುತ್ತಿದ್ದರು. ಅರಮನೆ ಭಂಡಾರಿಯಾಗಿದ್ದ ಬಸವಣ್ಣ ಕೊಡುವವನು, ಚೆಲ್ಲಿದ ಅಕ್ಕಿ ಆಯುವ ಲಕ್ಕಮ್ಮ ತಗೊಳ್ಳುವವಳು ಅನ್ನುವ ಗೆರೆ ಅಲ್ಲಿ ಇರಲಿಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ವ್ಯತ್ಯಾಸ ಅದು. ದಾನದಲ್ಲಿ ಮೇಲೊಂದು ಕೈ, ಕೆಳಗೊಂದು ಕೈ ಇರಲೇಬೇಕು.

ಕಲ್ಯಾಣ ಮುರಿಯಿತು. ಮಠಗಳು ಎದ್ದವು, ದಾಸೋಹದ ಪಂಕ್ತಿಯಲ್ಲೂ ಜಾತಿ ಬಂದು ಕೂತುಕೊಂಡಿತು. ಅದು ಬೇರೆ ಕಥೆ, ಇನ್ನೊಮ್ಮೆ ಬರೆಯಬಹುದು.

ಏಳುನೂರು ವರ್ಷ ಆದಮೇಲೆ ಕೃಷ್ಣಾ ತೀರದಲ್ಲಿ ಅದೇ ಹಿಡಿ ಅಕ್ಕಿ ಮತ್ತೆ ಕಾಣಿಸಿಕೊಳ್ಳುತ್ತದೆ. ಭಾವುರಾವ್ ಪಾಟೀಲರು ಹುಟ್ಟಿದ್ದು 1887ರಲ್ಲಿ, ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ. ಜೈನ ಮನೆತನ, ಹಿರಿಯರ ಮೂಲ ನಮ್ಮ ಮೂಡಬಿದಿರೆ ಅನ್ನುತ್ತಾರೆ. ಜ್ಯೋತಿಬಾ ಫುಲೆ 1873ರಲ್ಲಿ ಕಟ್ಟಿದ ಸತ್ಯಶೋಧಕ ಸಮಾಜದ ಗಾಳಿ ಕುಡಿದು ಬೆಳೆದವರು. 1919ರಲ್ಲಿ ಕರಾಡ ಹತ್ತಿರದ ಕಾಲೆ ಅನ್ನುವ ಹಳ್ಳಿಯಲ್ಲಿ ರಯತ್ ಶಿಕ್ಷಣ ಸಂಸ್ಥೆ ಶುರು ಮಾಡಿದರು. 1924ರಲ್ಲಿ ಅದನ್ನ ಸಾತಾರಕ್ಕೆ ತಂದರು. ಅಲ್ಲಿನ ಹಾಸ್ಟೆಲಿನಲ್ಲಿ ಮಹಾರ, ಮಾಂಗ, ಮರಾಠ, ಜೈನ, ಮುಸಲ್ಮಾನ ಹುಡುಗರು ಒಂದೇ ಒಲೆಯ ಅಡಿಗೆ, ಒಂದೇ ಪಂಕ್ತಿ. 1927ರಲ್ಲಿ ಅದಕ್ಕೆ ಶಾಹು ಮಹಾರಾಜರ ಹೆಸರಿಟ್ಟದ್ದು ಗಾಂಧಿ.

ಹೆಸರಿಡುವುದು ಸುಲಭ. ಅಷ್ಟು ಹುಡುಗರ ಹೊಟ್ಟೆಗೆ ಏನು ಮಾಡುವುದು? ಭಾವುರಾವ್ ಅವರ ಹೆಂಡತಿ ಲಕ್ಷ್ಮೀಬಾಯಿ ಮೈಮೇಲಿನ ಒಡವೆ ಒಂದೊಂದಾಗಿ ಬಿಚ್ಚಿ ಕೊಟ್ಟರು, ಕೊನೆಗೆ ತಾಳಿಯನ್ನೂ ಕೊಟ್ಟರು. ಜಾತಿ ಕೇಳದೆ ಆ ಮಕ್ಕಳಿಗೆ ಅಡಿಗೆ ಮಾಡಿ ಬಡಿಸಿದ ಆ ತಾಯಿ 1930ರಲ್ಲಿ ತೀರಿಕೊಂಡರು. ಒಡವೆ ಮಾರಿ ಎಷ್ಟು ದಿನ ನಡೆದೀತು? ಸಂಸ್ಥೆಯನ್ನ ನಿಲ್ಲಿಸಿದ್ದು ಹಳ್ಳಿಯ ಮನೆಗಳ ಹಿಡಿ ಧಾನ್ಯ. ಮರಾಠಿಯಲ್ಲಿ ಮುಷ್ಟಿ ಫಂಡು ಅಂದರು. ಹೆಂಗಸರು ಬೀಸುವುದಕ್ಕೆ ಕೂರುವಾಗ ಒಂದು ಹಿಡಿ ಜೋಳವನ್ನೋ ಸಜ್ಜೆಯನ್ನೋ ಬೇರೆ ಗಡಿಗೆಗೆ ಹಾಕಿ ಇಡುವುದು, ಗಡಿಗೆ ತುಂಬಿದ ಮೇಲೆ ಅದು ಹಾಸ್ಟೆಲಿಗೆ ಹೋಗುವುದು.

ಲೆಕ್ಕ ಹಾಕಿ ನೋಡೋಣ. ಹಿಡಿ ಅಂದರೆ ಸುಮಾರು 50 ಗ್ರಾಂ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಒಂದು ಮನೆಯಿಂದ ಒಂದೂವರೆ ಕೆ.ಜಿ. ನೂರು ಮನೆಯಿಂದ 150 ಕೆ.ಜಿ. ಬೆಳೆಯುವ ಹುಡುಗ ದಿನಕ್ಕೆ ಅರ್ಧ ಕೆ.ಜಿ. ಧಾನ್ಯ ಉಂಡರೆ ತಿಂಗಳಿಗೆ 15 ಕೆ.ಜಿ. ಅಲ್ಲಿಗೆ ನೂರು ಮನೆಯ ಒಂದು ಊರು ಹತ್ತು ಮಕ್ಕಳನ್ನ ಓದಿಸಬಹುದು. ಒಂದು ಮನೆಗೂ ದೊಡ್ಡ ಹೊರೆ ಆಗುವುದಿಲ್ಲ. ಯಾವ ಮನೆಯ ಹೆಸರಿನ ಕಲ್ಲೂ ಬೇಡ. ಯಾವ ಹಿಡಿ ಯಾವ ಹುಡುಗನ ತಟ್ಟೆಗೆ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲವಲ್ಲ, ಹಾಗಾಗಿ ಯಾರ ಮುಂದೆಯೂ ಯಾರೂ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಬಾರದು. ಬಡವರ ಔದಾರ್ಯ ಅಂತ ನಾವು ಕೊಂಡಾಡುವುದು ಎಷ್ಟೋ ಸಲ ಮನೆಯ ಹೆಂಗಸಿನ ಉಪವಾಸ. ನೆಂಟರು ಬಂದರು, ಮುದ್ದೆ ಹಾಕಿದರು, ಗಂಡಸರು ಉಂಡರು, ‘ನಮ್ಮ ಕೇರಿಯಲ್ಲಿ ಇಲ್ಲ ಅನ್ನೋ ಮಾತೇ ಇಲ್ಲ’ ಅಂತ ಹೆಮ್ಮೆ ಪಟ್ಟರು. ಕೊನೆಗೆ ಉಂಡವಳು ನೀರು ಕುಡಿದು ಮಲಗಿದಳು. ಕೊಟ್ಟದ್ದು ಅವಳು, ಹೆಸರು ಮನೆಯ ಯಜಮಾನನದು. ಶಾಸನದ ರಾಜನಿಗೂ ಈ ಯಜಮಾನನಿಗೂ ಏನು ವ್ಯತ್ಯಾಸ? ಮುಷ್ಟಿ ಫಂಡಿನಲ್ಲಿ ನನಗೆ ಬಹಳ ಸರಿ ಕಂಡದ್ದು ಇದು: ಹಿಡಿ ತೆಗೆಯುವುದು ಬೀಸುವುದಕ್ಕೆ ಮೊದಲು, ಇಡೀ ಮನೆಯ ಕಾಳಿನಿಂದ. ಬಡಿಸಿ ಉಳಿದದ್ದರಿಂದ ಅಲ್ಲ. ತೆಗೆಯುವ ಕೈಯೂ ಹೆಂಗಸಿನದೇ.

ಅದೇ 1927. ಕೊಂಕಣದ ಮಹಾಡದಲ್ಲಿ ಮಾರ್ಚ್ 19 ಮತ್ತು 20ರಂದು ಬಾಬಾಸಾಹೇಬರ ಅಧ್ಯಕ್ಷತೆಯಲ್ಲಿ ಪರಿಷತ್ತು. ನೂರು ಮೈಲಿ ಆಚೆಯಿಂದ ಜನ ನಡೆದು ಬಂದರು, ಹೆಗಲ ಮೇಲೆ ರೊಟ್ಟಿಯ ಗಂಟು. ಹದಿನೈದರ ಹುಡುಗರಿದ್ದರು, ಎಪ್ಪತ್ತರ ಮುದುಕರಿದ್ದರು. ಅವರಿಗೆ ಕುಡಿಯಲು ನೀರು ಬೇಕಿತ್ತು. ಊರಿನಲ್ಲಿ ಚವದಾರ್ ಕೆರೆ ಇತ್ತು, ಮುಟ್ಟುವ ಹಾಗಿರಲಿಲ್ಲ. ಸವರ್ಣೀಯರಿಂದ 40 ರೂಪಾಯಿ ಕೊಟ್ಟು ನೀರು ಕೊಂಡರು. ದಾನಧರ್ಮದ ಮೇಲೆ ಗ್ರಂಥಗಳನ್ನೇ ಬರೆದ ಧರ್ಮ ಒಂದು ಗುಕ್ಕು ನೀರಿಗೆ ದುಡ್ಡು ಎಣಿಸಿಕೊಂಡಿತು. ಮಾರ್ಚ್ 20ರಂದು ಅವರೆಲ್ಲ ಕೆರೆಗೆ ನಡೆದು ಹೋಗಿ ನೀರು ಕುಡಿದರು, ಆಮೇಲೆ ಏಟು ತಿಂದರು. ಡಿಸೆಂಬರಿನಲ್ಲಿ ಎರಡನೇ ಪರಿಷತ್ತಿಗೆ ಊರಿನ ಹಿಂದೂಗಳು ಯಾರೂ ಜಾಗ ಕೊಡಲಿಲ್ಲ. ಪೆಂಡಾಲು ಹಾಕಲು ತನ್ನ ಜಾಗ ಬಿಟ್ಟುಕೊಟ್ಟವನು ಫತ್ತೇಖಾನ್ ಅನ್ನುವ ಮುಸಲ್ಮಾನ. ಮನುಸ್ಮೃತಿ ಸುಟ್ಟದ್ದು ಆ ಪರಿಷತ್ತಿನಲ್ಲೇ, ಡಿಸೆಂಬರ್ 25ರ ರಾತ್ರಿ. ಭೂದಾನ ಅಂದರೆ ನಾನು ಇದನ್ನ ನೆನೆಯುತ್ತೇನೆ.

ಈ ಚಳವಳಿಗೆ ಸೇಠುಗಳು ಇರಲಿಲ್ಲ. ಅದೇ ವರ್ಷ ಏಪ್ರಿಲಿನಲ್ಲಿ ಬಾಬಾಸಾಹೇಬರು ಶುರು ಮಾಡಿದ ‘ಬಹಿಷ್ಕೃತ ಭಾರತ’ ಪತ್ರಿಕೆ ದುಡ್ಡಿಲ್ಲದೆ 1929ರಲ್ಲಿ ನಿಂತುಹೋಯಿತು. ಸಣ್ಣ ಪತ್ರಿಕೆ ನಡೆಸುವ ಗೆಳೆಯರಿಗೆ ಆ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. 1956ರ ಅಕ್ಟೋಬರಿನಲ್ಲಿ ನಾಗಪುರದ ದೀಕ್ಷೆಗೆ ಹೊರಟ ಲಕ್ಷಾಂತರ ಜನರಲ್ಲಿ ಎಷ್ಟೋ ಮಂದಿ ಚೂರುಪಾರು ಒಡವೆ ಮಾರಿ ರೈಲು ಚಾರ್ಜಿಗೂ ಬಿಳಿ ಸೀರೆಗೂ ಹೊಂದಿಸಿಕೊಂಡರು. ನಮ್ಮಲ್ಲೂ ಎಪ್ಪತ್ತು, ಎಂಬತ್ತರ ದಶಕದಲ್ಲಿ ಸಂಘರ್ಷ ಸಮಿತಿಯ ಜಾಥಾಗಳಿಗೆ ಮುದ್ದೆ ಹಾಕಿದ್ದು ಕೇರಿಯ ಮನೆಗಳು, ಟವಲು ಹಾಸಿದಾಗ ಬಿದ್ದದ್ದು ಕೂಲಿಯವರ ಚಿಲ್ಲರೆ.

ಕೇರಿಗಳಲ್ಲಿ ಕೊಡುವುದಕ್ಕೆ ದಾನ ಅನ್ನುವ ಹೆಸರೇ ಇಲ್ಲ, ಗಮನಿಸಿದ್ದೀರಾ? ಮದುವೆಗೆ ಹಾಕಿದ್ದು ಮುಯ್ಯಿ, ಹೊಲಕ್ಕೆ ಹೋದದ್ದು ಮುಯ್ಯಾಳು. ನಾನು ನಿನ್ನ ನಾಟಿಗೆ, ನೀನು ನನ್ನ ಕುಯ್ಲಿಗೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಪಕ್ಕದ ಮನೆಯವರು ಅನ್ನ ತರುತ್ತಾರೆ. ನಾಳೆ ನಮ್ಮ ಮನೆಯಲ್ಲೂ ಸಾವಾಗುತ್ತದೆ ಅಂತ ಇಬ್ಬರಿಗೂ ಗೊತ್ತು. ದುಡ್ಡೇ ಇಲ್ಲದವರು ಕೈಯಲ್ಲಿರುವ ವಿದ್ಯೆ ಕೊಟ್ಟರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಓದು ಬರಹ ಕಾಣದ ಹೆಂಗಸು, ಅಜ್ಜಿಯಿಂದ ಕಲಿತ ವಿದ್ಯೆ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ದುಡ್ಡು ತಗೊಳ್ಳಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಹೆರಿಗೆಗೆ ಬಂದವರ ಜಾತಿ ಅವರು ಕೇಳಲಿಲ್ಲ. ನೋವು ಬಂದಾಗ ಅವರ ಜಾತಿಯನ್ನೂ ಯಾರೂ ಕೇಳಿರಲಾರರು, ನಮ್ಮ ಊರುಗಳ ಮಡಿ ಅಷ್ಟರಮಟ್ಟಿಗೆ ಜಾಣ.

ಈಗ ಪತ್ರಿಕೆಗಳಿಗೂ ಸರ್ಕಾರಕ್ಕೂ ಬಡವರ ದೊಡ್ಡತನ ಅಂದರೆ ಬಲು ಪ್ರೀತಿ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರ ಹೆಸರು ಎಲ್ಲರಿಗೂ ಗೊತ್ತು. 2020ರಲ್ಲಿ ಅವರಿಗೆ ಪದ್ಮಶ್ರೀ ಪ್ರಕಟವಾಯಿತು. ಪರದೇಶದವರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು, ಇವರಿಗೆ ಅರ್ಥವಾಗಲಿಲ್ಲ. ನನ್ನ ಊರಿನ ಮಕ್ಕಳಿಗೆ ಈ ಗತಿ ಬೇಡ ಅಂತ ಕಿತ್ತಳೆಯ ಲಾಭದಲ್ಲಿ ಉಳಿಸಿ ಉಳಿಸಿ ನ್ಯೂಪಡ್ಪುವಿನಲ್ಲಿ ಶಾಲೆ ಎಬ್ಬಿಸಿದರು. ಕೈ ಮುಗಿಯೋಣ. ಮುಗಿದ ಕೈ ಇಳಿಸಿ ಕೇಳಲೂ ಬೇಕು: ಆ ಊರಿನಲ್ಲಿ ಅಲ್ಲಿಯ ತನಕ ಶಾಲೆ ಯಾಕೆ ಇರಲಿಲ್ಲ? ಶಾಲೆ ಕಟ್ಟುವುದು ಕಿತ್ತಳೆ ಮಾರುವವನ ಕೆಲಸವಾ? ಪದಕ ಕೊಟ್ಟು ಫೋಟೋ ತೆಗೆಸಿಕೊಂಡರೆ ಆ ಸಾಲ ತೀರುತ್ತದಾ?

ಹಾಜಬ್ಬರು ಈ ಪ್ರಶ್ನೆಯನ್ನ ನಮಗಿಂತ ಮೊದಲೇ ಕೇಳಿದವರು. ಅವರು ಬರೀ ದುಡ್ಡು ಕೂಡಿಸಲಿಲ್ಲ. ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ವರ್ಷಗಟ್ಟಲೆ ಅಲೆದರು. ಅದಕ್ಕೇ ಅದು ಇವತ್ತು ಹಾಜಬ್ಬರ ಖಾಸಗಿ ಶಾಲೆ ಅಲ್ಲ, ಸರ್ಕಾರಿ ಶಾಲೆ. ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಅರ್ಜಿ. ಭಾವುರಾವ್ ಅವರೂ ಇದನ್ನೇ ಮಾಡಿದ್ದು. ಹಿಡಿ ಮಾತ್ರ ಇದ್ದು ಅರ್ಜಿ ಬಿಟ್ಟರೆ ನಮ್ಮ ಹಸಿವಿನಿಂದ ಸರ್ಕಾರದ ಖರ್ಚು ಉಳಿಸಿಕೊಟ್ಟ ಹಾಗೆ. ಅರ್ಜಿ ಮಾತ್ರ ಇದ್ದು ಹಿಡಿ ಬಿಟ್ಟರೆ, ಅರ್ಜಿ ಪಾಸಾಗುವ ಹೊತ್ತಿಗೆ ಹುಡುಗ ಗಾರೆ ಕೆಲಸಕ್ಕೆ ಹೋಗಿರುತ್ತಾನೆ.

ಹಳ್ಳಿಗಳಲ್ಲಿ ಕೆಲಸ ಮಾಡುವ ಮೇಷ್ಟ್ರು, ಕಾಲೇಜಿನ ಹುಡುಗರು ಯಾರಾದರೂ ಮತ್ತೆ ಆ ಗಡಿಗೆ ಇಡಿಸಲು ಹೊರಟರೆ ಒಂದೆರಡು ಮಾತು. ಕಾಳು ಅಳೆಯುವುದು ನಾಲ್ಕು ಜನರ ಎದುರಿಗೆ ಆಗಲಿ. ಅಳೆಯುವವರಲ್ಲಿ ಇಬ್ಬರಾದರೂ ಹೆಂಗಸರಿರಲಿ. ಕೊಡಲಾಗದ ಮನೆಯ ಮುಂದೆ ನಿಂತು ಕೂಗಬೇಡಿ, ಆ ವಾರ ಅವರ ಗಡಿಗೆ ಖಾಲಿ ಇರಬಹುದು, ಅವರ ಹುಡುಗನಿಗೆ ಮಾತ್ರ ಊಟ ತಪ್ಪದಿರಲಿ. ಲೆಕ್ಕವನ್ನ ಗೋಡೆಗೆ ಅಂಟಿಸಿ ಸುಮ್ಮನಾಗಬೇಡಿ. ಕೊಟ್ಟವರಲ್ಲಿ ಎಷ್ಟೋ ಜನಕ್ಕೆ ಓದಲು ಬರುವುದಿಲ್ಲ. ಸಂಜೆ ಕೂಲಿ ಮುಗಿಸಿ ಬಂದಮೇಲೆ, ಕಟ್ಟೆ ಹತ್ತಿರ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿ.