ಒಂದೀಟು ಸುದಾರಿಸ್ಕ

ಬುಕ್ಕಾಪಟ್ಟಣದ ಕಡೆ ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ಒಂದು ಚೊಂಬು ನೀರು ಸಿಗುತ್ತದೆ, ಜೊತೆಗೆ ಒಂದು ಮಾತು: ‘ಬಾರಣ್ಣ, ಒಂದೀಟು ಸುದಾರಿಸ್ಕ.’ ಯಾವೂರು, ಯಾರ ಕಡೆಯವರು, ಬಂದ ಕೆಲಸ ಏನು, ಅದೆಲ್ಲ ಆಮೇಲೆ. ಬರೆಯುವಾಗ ‘ಸುಧಾರಿಸಿಕೊ’ ಎನ್ನುತ್ತೇವೆ. ಸಿರಾ ಸೀಮೆಯ ಬಾಯಲ್ಲಿ ಮಹಾಪ್ರಾಣ ಕಳಚಿಬಿದ್ದು ಪದ ಹಗುರಾಗಿದೆ. ಉಳುಮೆ ಮುಗಿಸಿ ನೊಗ ಬಿಚ್ಚಿದ ಎತ್ತಿಗೂ ಇದೇ ಮಾತು, ಜ್ವರ ಬಿಟ್ಟೆದ್ದ ಮಗುವಿಗೂ ಇದೇ. ತವರಿನಲ್ಲಿ ತಿಂಗಳುಗಟ್ಟಲೆ ಇದ್ದು ಗಂಡನ ಮನೆಗೆ ಹೊರಟ ಬಾಣಂತಿಯನ್ನು ನೋಡಿ ನೆರೆಯವರು ಕೇಳುವುದೂ ‘ಚೆನ್ನಾಗಿ ಸುದಾರಿಸ್ಕಂಡ್ಲಾ?’ ಎಂದೇ.

ಸರ್ಕಾರಕ್ಕೂ ಈ ಪದ ಬೇಕು. 1974ರಲ್ಲಿ ದೇವರಾಜ ಅರಸರ ಕಾಲದ ತಿದ್ದುಪಡಿ ಜಾರಿಗೆ ಬಂದು ಗೇಣಿದಾರರಿಗೆ ಉಳುವ ನೆಲ ಸಿಕ್ಕಿದ್ದು ‘ಭೂಸುಧಾರಣೆ’ಯಿಂದ. ಬಂದೀಖಾನೆ ಇಲಾಖೆಯ ಹೆಸರಿನಲ್ಲೂ ‘ಸುಧಾರಣಾ ಸೇವೆ’ ಇದೆ. ಅಲ್ಲೆಲ್ಲ ಒಬ್ಬರು ಇನ್ನೊಬ್ಬರನ್ನು, ಇನ್ನೊಂದನ್ನು ಸರಿಪಡಿಸುತ್ತಾರೆ. ಊರಿನ ಮಾತಿನಲ್ಲಿ ಕೊನೆಗೆ ಒಂದು ‘ಕೊ’ ಸೇರಿದ ಕೂಡಲೇ ಕೆಲಸ ತನ್ನದಾಗುತ್ತದೆ. ನಿನ್ನ ಉಸಿರನ್ನು ನೀನೇ ಹದಕ್ಕೆ ತಂದುಕೊ, ಅಲ್ಲಿಯವರೆಗೆ ನಾವು ಕಾಯುತ್ತೇವೆ ಎಂಬ ಭರವಸೆ ಆ ಒಂದಕ್ಷರದಲ್ಲಿದೆ. ನನಗೆ ಈ ಪದದ ಮೇಲೆ ಇರುವ ಪ್ರೀತಿಗೆ ಇದೇ ಕಾರಣ.

ಮಳೆ ನಂಬಿ ಕಡಲೇಕಾಯಿ ಬಿತ್ತುವ ನಾಡಿದು. ಸಿರಾ, ಪಾವಗಡ, ಮಧುಗಿರಿ, ಕೊರಟಗೆರೆ ಎಲ್ಲ ಕಡೆಯೂ ಬರ ಕಂಡ ಮನೆಗಳೇ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಗಿಡ ಕಿತ್ತಾಗ ಬೇರಿನಲ್ಲಿ ಜೊಳ್ಳೇ ಹೆಚ್ಚು. ಆಗ ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ ಸಾಲ ಕೊಟ್ಟವರ ಮುಂದೆ ನಿಂತು ಹೇಳಬೇಕಾಗುತ್ತದೆ: ‘ಈ ವರ್ಸ ಒಂದ್ ಸುದಾರಿಸ್ಕಳಿ ಸಾವ್ಕಾರ್ರೆ.’ ಇಲ್ಲಿ ಸುಧಾರಿಸಿಕೊಳ್ಳಬೇಕಾದವರು ಸಾಲ ಕೊಟ್ಟವರು! ಅವರು ತಾಳಿಕೊಂಡರೆ ಇವರಿಗೆ ಉಸಿರು.

ಅಡುಗೆಮನೆಗೆ ಬಂದರೆ ಅರ್ಥ ಮತ್ತೆ ಬದಲು. ‘ಬೀಗರೂಟ ಅಷ್ಟನ್ನೂ ಸೊಸೆ ಒಬ್ಬಳೇ ಸುಧಾರಿಸಿದಳು’ ಎಂದರೆ ಯಾರಿಗೂ ಕೊರತೆಯಾಗದಂತೆ ನಿಭಾಯಿಸಿದಳು ಎಂದು. ಅದು ಹೊಗಳಿಕೆ. ಆದರೆ ಎಲ್ಲವನ್ನೂ ಸುಧಾರಿಸುವ ಆ ಹೆಣ್ಣುಮಗಳಿಗೆ ‘ನೀನು ಸುಧಾರಿಸ್ಕೊ’ ಎಂದು ಮಣೆ ಹಾಕಿ ಕೂರಿಸುವವರು ಎಷ್ಟು ಮನೆಯಲ್ಲಿದ್ದಾರೆ? ಗಂಡಸು ಹೊಲದಿಂದ ಬಂದು ಜಗಲಿಯ ಮೇಲೆ ಕೂರುತ್ತಾನೆ. ಅದೇ ಹೊಲದಿಂದ ಅವನ ಹಿಂದೆಯೇ ಬಂದವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಒಲೆ ಹಚ್ಚುತ್ತಾಳೆ, ಮುದ್ದೆಗೆ ಎಸರಿಡುತ್ತಾಳೆ. ಬೆರಳ ಸಂದಿಯಲ್ಲಿ ಕಡಲೇಕಾಯಿ ಕಿತ್ತ ಕೆಮ್ಮಣ್ಣು ಹಾಗೇ ಇರುತ್ತದೆ.

ಅವಳ ಕಿವಿಗೆ ಬೀಳುವುದು ಇನ್ನೊಂದು ಮಾತು. ತವರಿಗೆ ಫೋನ್ ಮಾಡಿ ಅತ್ತರೆ ತಾಯಿ ಹೇಳುತ್ತಾಳೆ, ‘ಏನ್ ಮಾಡಕ್ಕಾಯ್ತದೆ ಕಣವ್ವ, ಸುದಾರಿಸ್ಕಂಡು ಹೋಗು.’ ಪದ ಅದೇ, ಬಾಲಕ್ಕೆ ‘ಹೋಗು’ ಅಂಟಿದೆ ಅಷ್ಟೆ. ಸುಧಾರಿಸ್ಕೊ ಅಂದರೆ ಕೂರು. ಸುಧಾರಿಸ್ಕೊಂಡು ಹೋಗು ಅಂದರೆ ನಿಲ್ಲಬೇಡ, ಹೇಳಬೇಡ, ನಡೆ. ಕುಡಿದು ಬರುವ ಗಂಡ, ಚುಚ್ಚುವ ನಾದಿನಿ, ಬಸಿರು ಇಳಿದು ವಾರವಾಗದ ಮೈ, ಎಲ್ಲಕ್ಕೂ ಒಂದೇ ಮದ್ದು. ತಾಯಿ ಕಲ್ಲು ಮನಸ್ಸಿನವಳು ಎಂದು ನಾನು ಹೇಳಲಾರೆ. ತನ್ನ ಕಾಲಕ್ಕೆ ತನಗೆ ಸಿಕ್ಕ ಮಾತನ್ನೇ ಅವಳು ಮಗಳಿಗೆ ದಾಟಿಸುತ್ತಿದ್ದಾಳೆ. ಆದರೂ ಈ ‘ಹೋಗು’ವನ್ನು ನಾವು ಕೈಬಿಡಲೇಬೇಕು. ಸಣ್ಣ ಪುಟ್ಟ ಮನಸ್ತಾಪಕ್ಕೆ ಹೊಂದಿಕೊಂಡು ಹೋಗುವುದು ಸಂಸಾರದ ಗುಣ ನಿಜ. ಪೆಟ್ಟು ತಿನ್ನುವುದಕ್ಕೂ ಅದೇ ಹೆಸರು ಕೊಟ್ಟರೆ ಅನ್ಯಾಯ.

ಇನ್ನೊಂದು ಕಡೆಯೂ ಈ ಪದ ಸೋಲುತ್ತದೆ. ಸಾವಿನ ಮನೆಯಲ್ಲಿ ಹನ್ನೊಂದನೇ ದಿನ ಕಳೆದ ಮೇಲೆ ‘ಇನ್ನು ಸುಧಾರಿಸ್ಕೊಳ್ಳಿ’ ಎಂದು ನೆಂಟರು ಎದ್ದು ಹೊರಡುತ್ತಾರೆ. ಬಹಳ ಜನ ಸುಧಾರಿಸಿಕೊಳ್ಳುತ್ತಾರೆ ಕೂಡ. ದನ ಕರೆಯುತ್ತವೆ, ಹೊಲ ಕರೆಯುತ್ತದೆ. ಕೆಲವರಿಗೆ ಮಾತ್ರ ತಿಂಗಳು ಉರುಳಿದರೂ ಊಟ ಸೇರುವುದಿಲ್ಲ, ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಮೊಮ್ಮಗು ತೊಡೆಯೇರಿದರೂ ಮುಖ ಅರಳುವುದಿಲ್ಲ. ಇದು ಕಾಯಿಲೆ. ಕೈ ಮುರಿದವನಿಗೆ ‘ಸುಧಾರಿಸ್ಕೊ’ ಎಂದು ಹೇಳಿ ಸುಮ್ಮನಾಗುವುದಿಲ್ಲವಲ್ಲ, ಪಟ್ಟು ಕಟ್ಟಿಸಲು ಕರೆದೊಯ್ಯುತ್ತೇವೆ.

ನಿಮ್ಹಾನ್ಸ್‌ನ ವೈದ್ಯರು ತೀರ್ಥಹಳ್ಳಿ ತಾಲೂಕಿನಲ್ಲಿ, ಆಮೇಲೆ ನಮ್ಮದೇ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿ, ಮನಸ್ಸಿನ ಇನ್ನೊಂದು ಕಾಯಿಲೆಯಾದ ಸ್ಕಿಜೋಫ್ರೇನಿಯಾ ಇರುವ ಹಳ್ಳಿಗರನ್ನು ಹುಡುಕಿ ಅವರವರ ಊರಿನ ಹತ್ತಿರವೇ ಚಿಕಿತ್ಸೆ ಕೊಡಿಸಿದರು. ಮನೆಯವರ ಆಸರೆಯ ಜೊತೆಗೆ ಔಷಧಿಯೂ ಸಿಕ್ಕವರು ದಿನದ ಕೆಲಸಗಳಿಗೆ ಮರಳುವುದು ಹೆಚ್ಚು ಎಂದು ಕಂಡರು. ಹಾಗಿರುವಾಗ ಮನೆಯವರ ಆಸರೆ ಒಂದೇ ಸಾಕು ಎಂದು ನಾವು ಕೈಕಟ್ಟಿ ಕೂರುವುದು ತಪ್ಪು. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ಕಾಸು ಕೊಡಬೇಕಿಲ್ಲ. ಈ ಸಂಖ್ಯೆಯನ್ನು ಹಾಲಿನ ಡೇರಿಯ ಗೋಡೆಯ ಮೇಲೆ, ಪಡಿತರ ಅಂಗಡಿಯ ಬಾಗಿಲಲ್ಲಿ ಬರೆಸಬೇಕು ಎಂಬುದು ನನ್ನ ಆಸೆ.

ಮುಂದಿನ ಸಲ ಮಗಳು ಫೋನ್ ಮಾಡಿ ಮಾತು ತಡವರಿಸಿದರೆ ‘ಸುದಾರಿಸ್ಕ ಕಣವ್ವ’ ಎನ್ನಿ, ಅಲ್ಲಿಗೇ ನಿಲ್ಲಿಸಿ. ಅಳು ಮುಗಿಯಲಿ. ಆಮೇಲೆ ಕೇಳಿ: ಊಟ ಸೇರ್ತದಾ, ನಿದ್ದೆ ಬತ್ತದಾ, ಯಾರಾದ್ರೂ ಕೈ ಮಾಡಿದ್ರಾ? ಉತ್ತರ ಬರದಿದ್ದರೆ ಬೆಳಗಿನ ಮೊದಲ ಬಸ್ಸಿಗೆ ಅಪ್ಪನೋ ಅಣ್ಣನೋ ಹೊರಡಲಿ.